ತಪ್ಪದ ಕೈ

ಒಂದೇ ಕುರ್ಚಿಯ ಮೇಲೆ ಒಂದೇ ಮನೆಯ ಇಬ್ಬರು ಹೆಂಗಸರು ಕಣ್ಣಿಟ್ಟರೆ ಆ ಮನೆಯಲ್ಲಿ ಅನ್ನವೂ ನೆಟ್ಟಗೆ ಬೇಯುವುದಿಲ್ಲ ಎಂದು ಅತ್ತೆ ಮೊದಲ ದಿನವೇ ಹೇಳಿದ್ದರು. ಹೇಳುವಾಗ ಅವರು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಸಿಟ್ಟಿಗೆ ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಹೋಗುತ್ತಿತ್ತು.

ಖಾಲಿ ಬಿದ್ದ ಆ ಗುಮಾಸ್ತೆ ಕುರ್ಚಿ ಇದ್ದದ್ದು ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ರೆಕಾರ್ಡ್ ರೂಮಿನ ಕಿಟಕಿಯ ಪಕ್ಕ. ಸೊಸೆ ಮತ್ತು ನಾದಿನಿ ದುಡಿಯುತ್ತಿದ್ದದ್ದು ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಾಂಡ್ರಿಯಲ್ಲಿ. ವಾರ್ಡುಗಳಿಂದ ಬಂದ ಹಾಸಿಗೆ ಬಟ್ಟೆಯ ಮೂಟೆ ಬಿಚ್ಚಬೇಕು, ರಕ್ತ ಹತ್ತಿದ್ದನ್ನು ಬೇರೆ ಮಾಡಬೇಕು, ಒಗೆದದ್ದನ್ನು ಬಿಸಿ ರೋಲರಿನ ಬಾಯಿಗೆ ಕೊಡಬೇಕು, ಆಚೆ ಕಡೆ ಹಬೆಯಾಡುತ್ತ ಬರುವ ಚಾದರವನ್ನು ಇಬ್ಬಿಬ್ಬರು ತುದಿ ಹಿಡಿದು ಮಡಿಸಬೇಕು. ಸೊಸೆ ಈ ಮನೆಗೆ ಬರುವ ಮುಂಚಿನಿಂದಲೂ ಅಲ್ಲಿದ್ದಳು. ಹಬೆ ಈಗ ಅವಳ ಎದೆಗೆ ಇಳಿದಿತ್ತು. ಬೆಳಿಗ್ಗೆ ಎದ್ದರೆ ಕೆಮ್ಮು, ಮೆಟ್ಟಿಲು ಹತ್ತಿದರೆ ಕೆಮ್ಮು, ಜೋರಾಗಿ ನಕ್ಕರೂ ಕೆಮ್ಮು. "ಒಂದೋ ಆ ಹಬೆ ಬಿಡಮ್ಮ, ಇಲ್ಲವಾದರೆ ನನ್ನ ಹತ್ರ ಬರೋದು ಬಿಡು," ಎಂದು ಡಾಕ್ಟರು ಅಂದಿದ್ದರು.

ನಾದಿನಿಗೆ ಕೆಮ್ಮು ಇರಲಿಲ್ಲ. ಆದರೆ ಗಂಡನ ಮನೆ ಬಿಟ್ಟು ಬಂದವಳಿಗೆ ತವರಿನಲ್ಲಿ ಸಿಕ್ಕಿದ್ದು ಒಂದು ಟ್ರಂಕಿನ ಜಾಗ, ಮಲಗಲು ಅಡುಗೆಮನೆಯ ಬಾಗಿಲ ಪಕ್ಕದ ಮೂಲೆ. ಕುರ್ಚಿ ಅವಳಿಗೂ ಬೇಕಿತ್ತು.

"ಯಾರೂ ಶಿಫಾರಸು ತರಬೇಡಿ, ಪದ ತನ್ನಿ," ಎಂದಿದ್ದ ಮ್ಯಾನೇಜರು ಒಂದು ದಪ್ಪ ಇಂಗ್ಲಿಷ್ ಪದಗಳ ಪುಸ್ತಕದ ಹೆಸರು ಬರೆದು ಗೋಡೆಗೆ ಅಂಟಿಸಿದ್ದ. ಪರೀಕ್ಷೆ ಅದರಿಂದಲೇ. ಪ್ರತಿ ಪದಕ್ಕೂ ಅರ್ಥ ಬರೆಯಬೇಕು, ಅದೇ ಅರ್ಥದ ಎರಡು ಪದ ಬರೆಯಬೇಕು, ವಿರುದ್ಧ ಪದ ಒಂದು ಬರೆಯಬೇಕು. ಇಬ್ಬರೂ ಶಾಲೆಯಲ್ಲಿ ಇಂಗ್ಲಿಷ್ ಓದಿದ್ದರು. ಆದರೆ ಅದು ಹಸು, ಮರ, ನನ್ನ ಗೆಳೆಯ ಎಂಬಷ್ಟರ ಇಂಗ್ಲಿಷು.

ಸೊಸೆಯ ಗಂಡ ಲಿಫ್ಟ್ ರಿಪೇರಿ ಕೆಲಸದವನು. ಅವನು ಹಳೆ ಪುಸ್ತಕದ ಬೀದಿಯೆಲ್ಲ ಅಲೆದು ಆ ಪುಸ್ತಕದ ಎರಡು ಪ್ರತಿ ತಂದ. ಎರಡೂ ಪ್ರಾಣ ಬಿಡುವ ಸ್ಥಿತಿಯಲ್ಲಿದ್ದವು. ಹೊಲಿಗೆ ಸಡಿಲವಾಗಿತ್ತು, ರಟ್ಟು ಹೋಗಿತ್ತು, ಕೆಳ ಅಂಚನ್ನು ಇಲಿ ರುಚಿ ನೋಡಿತ್ತು.

"ಕೊಡಿಲ್ಲಿ," ಎಂದು ಮಾವ ಕೈ ಚಾಚಿದರು. "ಹೊಸದಕ್ಕಿಂತ ಚೆನ್ನಾಗಿ ಮಾಡಿ ಕೊಡ್ತೀನಿ."

ಮಾವ ಬೈಂಡರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಹೊಲಿಗೆಯ ಚೌಕಟ್ಟು, ದಬ್ಬಣ, ಅಂಟಿನ ಡಬ್ಬಿ, ಅಂಚು ಕತ್ತರಿಸುವ ಮಿಷಿನ್ನು. ಹದಿನಾರು ಪುಟ ಮಡಿಸಿದ ಒಂದೊಂದು ಕಟ್ಟಿಗೆ ಅವರ ಕಸುಬಿನಲ್ಲಿ ಫಾರಂ ಎಂದು ಹೆಸರು. ಫಾರಮ್ಮುಗಳನ್ನು ಸಾಲಾಗಿ ಜೋಡಿಸಿ ಬೆನ್ನಿಗೆ ಹೊಲಿದರೆ ಪುಸ್ತಕ. ಬೇರೆ ಬೈಂಡರು ಕಟ್ಟಿದ ಪುಸ್ತಕದಲ್ಲಿ ಒಂದು ಫಾರಂ ಬಿಟ್ಟುಹೋಗುವುದು, ತಲೆಕೆಳಗಾಗುವುದು ಉಂಟು. ಮಾವನದರಲ್ಲಿ ಇಲ್ಲ. ಊಟಕ್ಕೆ ಕೂತಾಗೆಲ್ಲ ಅತ್ತೆ ಇದನ್ನು ಉಪ್ಪಿನ ಹಾಗೆ ಬಡಿಸುತ್ತಿದ್ದರು: "ಇವರ ಬಾಯಿ ತಪ್ಪಬಹುದು, ಕಾಲು ತಪ್ಪಬಹುದು. ಕೈ ಮಾತ್ರ ತಪ್ಪಲ್ಲ." ಲೈಬ್ರರಿಯವರು, ವಕೀಲರು ಬೇರೆಯವರನ್ನು ಬಿಟ್ಟು ಇವರ ಹತ್ತಿರ ಬರುತ್ತಿದ್ದದ್ದು ಆ ಒಂದು ಮಾತಿಗೇ.

ಒಂದು ವಾರದಲ್ಲಿ ಎರಡು ಪುಸ್ತಕ ಸಿದ್ಧವಾದವು. ಇಲಿ ತಿಂದ ಅಂಚನ್ನು ಪುಟಸಂಖ್ಯೆಯ ಸಮೇತ ಕತ್ತರಿಸಿ ಹಾಕಿದ್ದರು. ಒಂದಕ್ಕೆ ಕೆಂಪು ರಟ್ಟು, ಒಂದಕ್ಕೆ ನೀಲಿ. ಕೆಂಪನ್ನು ಮಗಳಿಗೆ ಕೊಟ್ಟರು, ನೀಲಿಯನ್ನು ಸೊಸೆಗೆ.

"ಪರೀಕ್ಷೆ ಪಾಸಾಗದಿದ್ರೂ ಪರವಾಗಿಲ್ಲ, ಪುಸ್ತಕ ಮಾತ್ರ ಹರಿಯಲ್ಲ," ಎಂದು ನಕ್ಕರು.

ಮೊದಮೊದಲು ಇಬ್ಬರೂ ಒಟ್ಟಿಗೇ ಓದಿದರು. ಒಬ್ಬಳು ತಟ್ಟೆ ಉಜ್ಜುವಾಗ ಇನ್ನೊಬ್ಬಳು ಪದ ಎಸೆಯುವುದು.

"ಅಬಂಡೆಂಟ್."

"ಯಥೇಚ್ಛ. ಪ್ಲೆಂಟಿಫುಲ್, ಕೋಪಿಯಸ್. ವಿರುದ್ಧ ಸ್ಕಾರ್ಸ್."

"ಆಸ್ಟಿಯರ್."

"ಬೋಳು ಬೋಳಾದ, ಏನೂ ಸುಖ ಇಲ್ಲದ. ಸ್ಟರ್ನ್, ಸ್ಪಾರ್ಟನ್. ವಿರುದ್ಧ ಲಗ್ಷೂರಿಯಸ್."

"ಅಂದ್ರೆ ನಮ್ಮನೆ ಅನ್ನಿ," ಎಂದು ಅತ್ತೆ ಒಗ್ಗರಣೆ ಹಾಕುತ್ತಿದ್ದರು. "ಅದಕ್ಕೊಂದು ಪುಸ್ತಕ ಯಾಕೆ ಬೇಕು? ಡಬ್ಬಿ ಮುಚ್ಚಳ ತೆಗೆದು ನೋಡಿದ್ರೆ ಸಾಕು."

ನಗು ಬರುತ್ತಿತ್ತು. ಸೊಸೆಗೆ ನಗುವಿನ ಹಿಂದೆ ಕೆಮ್ಮೂ ಬರುತ್ತಿತ್ತು.

ಪ್ರತಿ ಪದದ ಕೆಳಗೆ ಪುಸ್ತಕ ಒಂದು ವಾಕ್ಯ ಮಾಡಲು ಹೇಳುತ್ತಿತ್ತು. ಒಂದು ಸಂಜೆ ನಾದಿನಿ ಪುಸ್ತಕ ಹಿಡಿದು ಗೋಡೆಗೊರಗಿ ಕೂತಿದ್ದಳು. ಸೊಸೆ ಎರಡು ಪಾಳಿ ಮುಗಿಸಿ ಬಂದವಳು ಪಾತ್ರೆಗಳ ಮುಂದೆ ನಿಂತಿದ್ದಳು. ಸರದಿ ನಾದಿನಿಯದು, ಆದರೆ ಅವಳು ಎದ್ದಿರಲಿಲ್ಲ.

"ಬರ್ಡನ್‌ಸಮ್," ಎಂದಳು ನಾದಿನಿ.

"ಹೊರೆಯಾದದ್ದು. ಆನರಸ್, ಒಪ್ರೆಸಿವ್. ವಿರುದ್ಧ ಲೈಟ್."

"ವಾಕ್ಯ?"

ಸೊಸೆ ಪಾತ್ರೆಯಿಂದ ತಲೆ ಎತ್ತಲಿಲ್ಲ. "ಕೊಟ್ಟ ಮಗಳು ಟ್ರಂಕು ಹೊತ್ತು ವಾಪಸ್ ಬಂದ್ರೆ ಮನೆಗೆ ಬರ್ಡನ್‌ಸಮ್."

ನಾದಿನಿ ಪುಸ್ತಕ ಮುಚ್ಚಿದಳು.

"ಚೆನ್ನಾಗಿದೆ ಅತ್ತಿಗೆ. ಪೂರ್ತಿ ಮಾರ್ಕು."

"ಏ, ಸುಸ್ತಲ್ಲಿ ಬಾಯಿಗೆ ಬಂತು ಕಣೆ."

"ಬಾಯಿಗೆ ಬರ್ಬೇಕಾದ್ರೆ ಮೊದಲು ಹೊಟ್ಟೇಲಿ ಇರಬೇಕು. ಇನ್ಮೇಲೆ ನಿನ್ನ ಪುಸ್ತಕ ನಿನಗೆ, ನನ್ನದು ನನಗೆ."

ಅಂದಿನಿಂದ ಒಬ್ಬಳು ಅಡುಗೆಮನೆಯಲ್ಲಿ ಓದಿದರೆ ಇನ್ನೊಬ್ಬಳು ಮಹಡಿ ಮೆಟ್ಟಿಲ ಮೇಲೆ. ಲಾಂಡ್ರಿಯಲ್ಲಿ ಪಾಳಿಯನ್ನೂ ಬದಲಿಸಿಕೊಂಡರು. ಒಬ್ಬಳು ಹೋಗುವ ಹೊತ್ತಿಗೆ ಇನ್ನೊಬ್ಬಳು ಬರುವಳು. ಬಾಗಿಲಲ್ಲಿ ಎದುರಾದರೆ ಅತ್ತೆಯ ಮೂಲಕ ಮಾತು: "ಅವಳಿಗೆ ಹೇಳಿ, ಬೇಳೆ ಬೆಂದಿದೆ ಅಂತ." ಅತ್ತೆ ಇಬ್ಬರ ನಡುವೆ ನಿಂತು, "ನಾನೇನು ಟೆಲಿಫೋನ್ ಕಂಬಾನಾ?" ಎಂದು ಸೌಟು ಬಡಿಯುವರು.

ಸೊಸೆ ನೀಲಿ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮೂರು ಸಲ ಓದಿದಳು. ರೋಲರಿನ ಮುಂದೆ ನಿಂತು ತುಟಿ ಆಡಿಸಿದಳು. ಎದುರು ತುದಿ ಹಿಡಿದವಳು, "ಯಾರಿಗೆ ಶಾಪ ಹಾಕ್ತಿದ್ದೀಯಾ?" ಎಂದು ಕೇಳಿದಳು.

ಪರೀಕ್ಷೆ ಮುಗಿಯಿತು. ಕುರ್ಚಿ ನಾದಿನಿಗೆ ಸಿಕ್ಕಿತು. ಎರಡನೆಯವಳಾಗಿ ಬಂದವಳು ಸೊಸೆ, ಬರೀ ಎರಡು ಪದದ ಅಂತರದಲ್ಲಿ.

ಆ ರಾತ್ರಿಯ ಊಟಕ್ಕೆ ಅತ್ತೆ ಮೊಟ್ಟೆ ಬೇಯಿಸಿದ್ದರು. ಸಂತೋಷಕ್ಕೋ ಸಮಾಧಾನಕ್ಕೋ ಅವರಿಗೇ ತಿಳಿದಿರಲಿಲ್ಲ. ಸೊಸೆ ಬಹಳ ದಿನಗಳ ಮೇಲೆ ನಾದಿನಿಯ ಮುಖ ನೋಡಿ ನೇರವಾಗಿ ಮಾತಾಡಿದಳು.

"ಹೋಗ್ಲಿ ಬಿಡು, ಚೆನ್ನಾಗಿ ಬರೆದಿದ್ದೀಯ. ಆದರೆ ಪುಸ್ತಕದಲ್ಲಿ ಇಲ್ಲದ್ದನ್ನ ಕೇಳಿದ್ದು ಅನ್ಯಾಯ. ಇಂಪೆಕಬಲ್ ಅಂತೆ. ಅದೆಲ್ಲಿಂದ ತಂದ್ರೋ."

ನಾದಿನಿ ಮೊಟ್ಟೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. "ಪುಸ್ತಕದಲ್ಲಿ ಇದೆಯಲ್ಲ ಅತ್ತಿಗೆ. ಒಂದು ಚೂರೂ ತಪ್ಪಿಲ್ಲದ್ದು ಅಂತ. ಫ್ಲಾಲೆಸ್, ಪರ್ಫೆಕ್ಟ್. ವಿರುದ್ಧ ಡಿಫೆಕ್ಟಿವ್."

"ಇಲ್ಲ. ನಾನು ಮೂರು ಸಲ ಓದಿದ್ದೀನಿ."

"ಇದೆ."

"ಇಲ್ಲ ಅಂದೆನಲ್ಲ!"

ಗಂಡ ಎಂಜಲು ಕೈಯಲ್ಲೇ ಎದ್ದು ಎರಡೂ ಪುಸ್ತಕ ತಂದು ತಟ್ಟೆಗಳ ನಡುವೆ ಇಟ್ಟ. ಹಾಳೆ ಹಾಳೆ ಹೋಲಿಸಿದರು. ಕೆಂಪು ಪುಸ್ತಕದಲ್ಲಿ ಇಂಪೆಕಬಲ್ ಇತ್ತು. ಅದರ ಹಿಂದೆ ಮುಂದೆ ಪುಟಗಟ್ಟಲೆ ಬೇರೆ ಪದಗಳೂ ಇದ್ದವು, ಪರೀಕ್ಷೆಯಲ್ಲಿ ಸೊಸೆ ಖಾಲಿ ಬಿಟ್ಟ ಇನ್ನೆರಡು ಪದವೂ ಸೇರಿ. ನೀಲಿಯಲ್ಲಿ ಆ ಜಾಗದಲ್ಲಿ ಹೊಲಿಗೆ ಬಿಗಿಯಾಗಿತ್ತು, ಅಂಚು ನಯವಾಗಿತ್ತು. ಒಂದಿಡೀ ಫಾರಂ ಇರಲಿಲ್ಲ. ಪುಟಸಂಖ್ಯೆಯೂ ಇಲ್ಲದ ಮೇಲೆ ಇಲ್ಲವೆಂದು ತಿಳಿಯುವುದಾದರೂ ಹೇಗೆ?

ಗಂಡ ತಂದೆಯ ಕಡೆ ತಿರುಗಿದ. "ಏನಪ್ಪಾ ಇದು?"

ಮಾವ ಅನ್ನ ಕಲಸುತ್ತಲೇ ಇದ್ದರು.

"ತಂದಾಗ್ಲೇ ಇರ್ಲಿಲ್ವೇನೋ," ಎಂದರು ಅತ್ತೆ.

"ತಂದಾಗ ನಾನೇ ಎರಡನ್ನೂ ಹೋಲಿಸಿ ದುಡ್ಡು ಕೊಟ್ಟಿದ್ದೀನಮ್ಮ. ಪೂರ್ತಿ ಇತ್ತು."

"ಹಾಗಾದ್ರೆ..." ಅತ್ತೆ ಮಾತು ಹುಡುಕಿದರು. ಸಿಕ್ಕಿದ್ದು ಹಳೆಯ ಮಾತೇ. "ಅವರ ಕೈ ತಪ್ಪಲ್ಲ ಕಣೋ. ಒಂದು ಫಾರಂ ಬಿಟ್ಟದ್ದು ಯಾರೂ ಕಂಡಿಲ್ಲ."

ಹೇಳಿದ ಮೇಲೆ ಅತ್ತೆಗೇ ಗೊತ್ತಾಯಿತು, ಏನು ಹೇಳಿಬಿಟ್ಟೆ ಎಂದು. ಎಲ್ಲರಿಗೂ ಗೊತ್ತಾಯಿತು. ಕೈ ತಪ್ಪುವುದಿಲ್ಲ ಎಂದ ಮೇಲೆ ಉಳಿಯುವುದು ಒಂದೇ.

"ಕೇಳ್ತಿದ್ದೀನಪ್ಪಾ," ಎಂದ ಗಂಡ. ಧ್ವನಿ ಬಹಳ ಸಣ್ಣದಾಗಿತ್ತು. "ಕೈ ತಪ್ಪಿತಾ? ಇಲ್ಲಾ ಬೇಕು ಅಂತ ಮಾಡಿದ್ರಾ?"

ಮಾವ ತುತ್ತನ್ನು ತಟ್ಟೆಗೇ ಬಿಟ್ಟರು. ಬೆರಳು ಒಂದೊಂದಾಗಿ ಒರೆಸಿಕೊಂಡರು.

"ಬೇಕು ಅಂತಾನೇ ಮಾಡಿದೆ. ಮಗಳು ಮಗಳೇ. ಸೊಸೆಗೆ ಗಂಡ ಇದ್ದಾನೆ, ಅವಳಿಗೆ ಯಾರಿದ್ದಾರೆ?"

"ಅಪ್ಪಾ!" ಎಂದು ಕಿರುಚಿದವಳು ನಾದಿನಿ. "ನಾನು ಕೇಳಿದ್ನಾ? ನಾನು ಯಾವತ್ತಾದ್ರೂ ನಿಮ್ಮನ್ನ ಕೇಳಿದ್ನಾ?"

ಗಂಡ ಕೈಯಲ್ಲಿದ್ದ ನೀಲಿ ಪುಸ್ತಕವನ್ನು ಗೋಡೆಗೆ ಬೀಸಿದ. ಅದು ಬಿತ್ತು. ಮಾವ ಹೇಳಿದ್ದು ನಿಜ, ಹರಿಯಲಿಲ್ಲ.

ಮುಂದಿನ ವಾರಗಳಲ್ಲಿ ಆ ಮನೆಯಲ್ಲಿ ಎರಡು ಪಂಕ್ತಿ ಊಟ. ಮಾವ ಉಂಡೆದ್ದ ಮೇಲೆ ಗಂಡ ಕೂರುತ್ತಿದ್ದ. ತಿಂಗಳ ಸಾಮಾನಿನ ಚೀಲವನ್ನು ತಂದೆಯ ಮುಂದೆ ಇಡದೆ ನೇರ ಅಡುಗೆಮನೆಗೆ ಒಯ್ಯುತ್ತಿದ್ದ. ನಾದಿನಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಮೇಲಿನ ಮಹಡಿಗೆ ಹೋಗುತ್ತಿದ್ದಳು, ಮುಖದಲ್ಲಿ ಮಾತ್ರ ಇಸ್ತ್ರಿ ಇರಲಿಲ್ಲ. ಗಂಡ ಯಾರ ಹತ್ತಿರವೋ ಗೊಣಗಿದ್ದು ಲಾಂಡ್ರಿಗೆ ಮುಟ್ಟಿತ್ತು. ಹಾಸಿಗೆ ಬಟ್ಟೆಯ ಗಾಡಿ ತಳ್ಳುವವಳು ಲಿಫ್ಟಿನಲ್ಲಿ ನಾದಿನಿಯನ್ನು ಕಂಡು ಹೇಳಿದ್ದಳಂತೆ: "ಅಪ್ಪ ಬೈಂಡರಾದ್ರೆ ಕೆಲಸಾನೂ ಹೊಲಿದು ಕೊಡ್ತಾರೆ ನೋಡು."

ಸೊಸೆ ಹಬೆಯಲ್ಲೇ ಉಳಿದಳು. ಮಾವನಿಗೆ ಟೀ ಕೊಡುವುದನ್ನು ಬಿಟ್ಟಿದ್ದಳು. ಒಂದು ಮಧ್ಯಾಹ್ನ ಅತ್ತೆಗೆ ಮಂಡಿ ನೋವು. "ಲೋಟ ಇಟ್ಟು ಬಂದುಬಿಡೆ, ಮಾತಾಡ್ಬೇಡ ಬೇಕಾದ್ರೆ," ಎಂದರು.

ಮಾವ ಬಾಗಿಲಿಗೆ ಬೆನ್ನು ಹಾಕಿ, ರಟ್ಟಿನ ತುಂಡಿಗೆ ಅಂಟು ಬಳಿಯುತ್ತಿದ್ದರು. ಅಂಟು ಮೇಜಿಗೆ ಹತ್ತದಿರಲೆಂದು ರದ್ದಿ ಹಾಳೆ ಹಾಸಿಕೊಂಡು, ಅದರ ಮೇಲೆ ಬಳಿಯುವುದು ಅವರ ಪದ್ಧತಿ. ಲೋಟ ಇಡಲು ಬಗ್ಗಿದ ಸೊಸೆ ಅಂಟಿನ ಡಬ್ಬಿಯ ಕೆಳಗೆ ಒಣಗಿ ಗಟ್ಟಿಯಾದ ಹಾಳೆಗಳನ್ನು ಕಂಡಳು. ಕಂದು ಕಲೆಗಳ ನಡುವೆ ಅಕ್ಷರಗಳಿದ್ದವು. ಅದೇ ಅಚ್ಚು, ಅದೇ ಚೌಕದೊಳಗೆ ವಿರುದ್ಧ ಪದ. ಇಂಪೆಕಬಲ್.

ಬಚ್ಚಿಟ್ಟದ್ದಲ್ಲದೆ ಅದರ ಮೇಲೆ ಅಂಟು ಒರೆಸಿದ್ದಾರೆ! ಬಾಯಿ ತೆರೆದಳು. ಅಷ್ಟರಲ್ಲಿ ಮಾವ ರಟ್ಟನ್ನು ಪಕ್ಕಕ್ಕಿಟ್ಟು ಇನ್ನೊಂದು ರದ್ದಿ ಹಾಳೆಗಾಗಿ ಎಡಗೈ ಚಾಚಿದರು. ರದ್ದಿಯ ಕಟ್ಟು ಬಲಕ್ಕಿತ್ತು. ಎಡಕ್ಕಿದ್ದದ್ದು ವಕೀಲರ ಕಡೆಯಿಂದ ಬಂದ ಪುಸ್ತಕದ ಬಿಚ್ಚಿದ ಫಾರಮ್ಮುಗಳು. ಮಾವ ಅದರಿಂದ ಒಂದನ್ನು ಎಳೆದು, ಮುಖದ ಹತ್ತಿರ ಹಿಡಿದು, ತಿರುಗಿಸಿ ನೋಡಿ, ಮೇಜಿನ ಮೇಲೆ ಹಾಸಿ, ಅಂಟಿನ ಬ್ರಷ್ಷು ಎತ್ತಿದರು.

"ಮಾವ, ಅದು ರದ್ದಿ ಅಲ್ಲ."

ಬ್ರಷ್ಷು ಗಾಳಿಯಲ್ಲಿ ನಿಂತಿತು. ಒಂದು ಹನಿ ಅಂಟು ಹಾಳೆಯ ಮೇಲೆ ಬಿತ್ತು.

"ಗೊತ್ತು," ಎಂದರು ಮಾವ.

"ಏನು ಗೊತ್ತು? ವಕೀಲರ ಪುಸ್ತಕ ಅದು."

ಅವರು ಹಾಳೆಯ ಮೇಲೆ ಹೆಬ್ಬೆರಳು ಆಡಿಸಿದರು, ಬಟ್ಟೆಯ ದರ್ಜೆ ನೋಡುವವರ ಹಾಗೆ. ಸೊಸೆ ಅವರ ಕಣ್ಣನ್ನು ನೋಡಿದಳು. ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಕರಿಯ ಗುಡ್ಡೆಯ ಮೇಲೆ ಹಾಲಿನ ಕೆನೆ ಕಟ್ಟಿದಂತಿತ್ತು.

"ಎಷ್ಟು ದಿನದಿಂದ ಹೀಗೆ?"

"ಬಾಗಿಲು ಹಾಕು."

ಅವಳು ಹಾಕಿದಳು.

"ನನ್ನ ಫಾರಮ್ಮೂ ಹೀಗೇ ಹೋಯ್ತಾ?"

ಮಾವ ಡಬ್ಬಿಯ ಕೆಳಗಿನ ಹಾಳೆಗಳನ್ನು ತಡವಿದರು. "ಅವತ್ತು ತಟ್ಟೆ ಮುಂದೆ ಪುಸ್ತಕ ಇಟ್ರಲ್ಲ, ಆಗ ಗೊತ್ತಾಯ್ತು ನನಗೂ."

"ಮತ್ಯಾಕೆ ಬೇಕು ಅಂತ ಮಾಡಿದೆ ಅಂದ್ರಿ? ನಿಮ್ಮ ಮಗ ನಿಮ್ಮ ಮುಖ ನೋಡ್ತಿಲ್ಲ. ನಿಮ್ಮ ಮಗಳನ್ನ ಆಸ್ಪತ್ರೇಲಿ ಕಳ್ಳಿ ಅಂತಿದ್ದಾರೆ."

"ಕೆಟ್ಟವನು ಅಂದ್ರೆ ಮನೆಯೊಳಗೆ ನಾಲ್ಕು ಜನ ಅಂತಾರೆ. ಕಣ್ಣು ಹೋಯ್ತು ಅಂದ್ರೆ ಬೀದಿ ಪೂರ್ತಿ ಅನ್ನುತ್ತೆ. ನಾಳೆಯಿಂದ ಒಂದು ಹಾಳೆ ಬರಲ್ಲ ಈ ಕೋಣೆಗೆ." ಅವರು ಧ್ವನಿ ತಗ್ಗಿಸಿದರು. "ನಿನಗೂ ಲೆಕ್ಕ ಗೊತ್ತಲ್ಲ. ಇಲ್ಲಿಂದ ಬರೋದು ನಿಂತ್ರೆ ನೀನು ಲಾಂಡ್ರಿ ಬಿಡೋ ಮಾತೇ ಇಲ್ಲ."

"ಡಾಕ್ಟರಿಗೆ ತೋರಿಸಿ."

"ತೋರಿಸಿದೆ. ಕೆನೆ ತೆಗೆದ್ರೂ ಅದರ ಹಿಂದಿನ ನರ ಒಣಗಿದೆಯಂತೆ."

ಟೀ ಆರಿತು. ಸೊಸೆಗೆ ಕೆಮ್ಮು ಬಂತು, ಗೋಡೆ ಹಿಡಿದು ಕೆಮ್ಮಿದಳು. ಇಷ್ಟು ದಿನ ರೋಲರಿನ ಮುಂದೆ ಮನಸ್ಸಿನಲ್ಲೇ ಬೈಯಲು ಒಬ್ಬ ಮನುಷ್ಯನಾದರೂ ಇದ್ದ. ಈಗ ಅದೂ ಇಲ್ಲ.

"ಯಾರಿಗೂ ಹೇಳ್ಬೇಡಮ್ಮ," ಎಂದರು ಮಾವ. ಅಮ್ಮ ಎಂದು ಅವಳನ್ನು ಕರೆದದ್ದು ಅದೇ ಮೊದಲು.

ಅವಳು ಹೇಳಲಿಲ್ಲ. ಪಾಳಿ ಮುಗಿಸಿ ಬಂದು ಕೈಕಾಲು ತೊಳೆದು ಮುಂದಿನ ಕೋಣೆಗೆ ಹೋಗಿ ಕೂರತೊಡಗಿದಳು. ಫಾರಂ ಎಣಿಸಿ ಸಾಲಾಗಿ ಇಡುವುದು, ಸೂಜಿಗೆ ದಾರ ಪೋಣಿಸುವುದು, ರದ್ದಿಯನ್ನು ಬಲಕ್ಕೇ ಇಡುವುದು. ಗಂಡನಿಗೆ ಇದನ್ನು ಸಹಿಸಲಾಗಲಿಲ್ಲ.

"ನಿನ್ನ ಕಾಲು ಕತ್ತರಿಸಿದವರ ಕಾಲು ಒತ್ತೋಕೆ ಹೋಗ್ತೀಯಲ್ಲ, ಮಾನ ಮರ್ಯಾದೆ ಇಲ್ವೇನೆ?"

"ರೀ, ಸುಮ್ಮನೆ ಊಟ ಮಾಡಿ."

"ನಿನಗೋಸ್ಕರ ನಾನು ಹೆತ್ತ ಅಪ್ಪನ ಜೊತೆ ಮಾತು ಬಿಟ್ಟಿದ್ದೀನಿ!"

"ನಾನು ಬಿಡಿ ಅಂದಿದ್ನಾ?"

ಮೊದಲ ಸಂಬಳ ಬಂದ ಮರುದಿನ ನಾದಿನಿ ಟ್ರಂಕು ಹೊರಗೆ ತಂದಿಟ್ಟಳು. ಹೆಂಗಸರ ಹಾಸ್ಟೆಲಿನಲ್ಲಿ ಒಂದು ಮಂಚ ಗೊತ್ತು ಮಾಡಿಕೊಂಡಿದ್ದಳು. ಅತ್ತೆ ಅತ್ತರು, ಬೈದರು, ಕೊನೆಗೆ ಒಂದು ಡಬ್ಬಿಯಲ್ಲಿ ಅನ್ನ ಹಾಕಿ ಕೊಟ್ಟರು. ಗಂಡ ಕೆಲಸಕ್ಕೆ ಹೋಗಿದ್ದ, ಬೇಕೆಂದೇ ಬೇಗ ಹೋಗಿದ್ದ. ಮಾವ ತಮ್ಮ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದರು.

"ಅಪ್ಪ, ನಾನು ಓದಿ ಗೆದ್ದಿದ್ದೆ," ಎಂದಳು ನಾದಿನಿ. "ನೀವು ಅದನ್ನ ಕದ್ದ ಮಾಲು ಮಾಡಿಬಿಟ್ರಿ."

ಮಾವ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದರು.

ಅವಳು ಸೊಸೆಯ ಹತ್ತಿರ ಬಂದಳು. "ಅತ್ತಿಗೆ, ಬರ್ಡನ್‌ಸಮ್ ಹೋಗ್ತಿದೆ."

"ಆ ಮಾತು ಬಿಡು ಈಗ."

"ಬಿಟ್ಟೆ. ಒಂದು ಹೇಳು. ಆ ಹಾಳೆ ತೆಗೆದದ್ದು ನನಗೆ ಗೊತ್ತಿರ್ಲಿಲ್ಲ. ನೀನಾದ್ರೂ ನಂಬ್ತೀಯಾ?"

ಸೊಸೆ ಮಾವನನ್ನು ನೋಡಿದಳು. ಬಾಗಿಲ ಚೌಕಟ್ಟನ್ನು ಹಿಡಿದ ಅವರ ಬೆರಳು ಬಿಳಿಚಿದ್ದವು. ಅವಳು ನಾದಿನಿಯ ಇಸ್ತ್ರಿ ಮಾಡಿದ ಕಾಲರನ್ನು ನೋಡಿದಳು, ಜೇಬಿನ ಪೆನ್ನನ್ನು ನೋಡಿದಳು. ಹಾಳೆಯನ್ನು ಯಾರೂ ಬೇಕೆಂದು ತೆಗೆದಿರಲಿಲ್ಲ ಎನ್ನಲು ಒಂದು ವಾಕ್ಯ ಸಾಕಿತ್ತು.

"ನಂಬ್ತೀನಿ," ಎಂದಳು. ಅಲ್ಲಿಗೆ ನಿಲ್ಲಿಸಿದಳು.

ನಾದಿನಿ ಕೆಂಪು ಪುಸ್ತಕವನ್ನು ಸೊಸೆಯ ಕೈಯಲ್ಲಿಟ್ಟಳು. "ಮುಂದಿನ ಸಲಕ್ಕೆ. ಇದು ಪೂರ್ತಿ ಇದೆ." ಟ್ರಂಕು ಎತ್ತಿಕೊಂಡು ಹೋದಳು. ಬೀದಿಯ ತಿರುವಿನವರೆಗೂ ಅದು ಅವಳ ಮಂಡಿಗೆ ಬಡಿಯುವ ಸದ್ದು ಕೇಳುತ್ತಿತ್ತು.

ಸಂಜೆ ಸೊಸೆ ಎರಡೂ ಪುಸ್ತಕ ಹಿಡಿದು ಮಾವನ ಕೋಣೆಗೆ ಹೋದಳು. ಎದುರು ಸ್ಟೂಲಿನಲ್ಲಿ ಕೂತು ಕೆಂಪು ಪುಸ್ತಕವನ್ನು ಅವರ ಮುಂದೆ ಇಟ್ಟಳು.

"ಇದರಿಂದ ಆ ಫಾರಂ ಬಿಚ್ಚಿ ನನ್ನದರಲ್ಲಿ ಹೊಲಿದು ಕೊಡಿ."

"ಕೆಂಪು ಪೂರ್ತಿ ಇದೆಯಲ್ಲ, ಅದನ್ನೇ ಓದಿಕೋ."

"ನನಗೆ ನನ್ನ ಪುಸ್ತಕ ಬೇಕು."

ಅವಳು ಬೆರಳಿಟ್ಟು ತೋರಿಸಿದ ಕಡೆ ಮಾವ ಕೆಂಪಿನ ದಾರ ಕತ್ತರಿಸಿ ಫಾರಂ ಬಿಡಿಸಿದರು. ನೀಲಿಯ ಬೆನ್ನು ಬಿಚ್ಚಿದರು. ಅವಳು ದಾರ ಪೋಣಿಸಿ ಸೂಜಿ ಕೊಟ್ಟಳು. ಕೈ ಎಂದಿನ ಹಾಗೇ ಓಡಿತು, ಒಳಗೆ ಹೊರಗೆ, ಒಳಗೆ ಹೊರಗೆ, ಒಂದು ಹೊಲಿಗೆಯೂ ಸೊಟ್ಟಗಾಗದೆ. ಬೆನ್ನಿಗೆ ಅಂಟು ಸವರಿ, ಬಟ್ಟೆಯ ಪಟ್ಟಿ ಒತ್ತಿ, ನೀಲಿ ರಟ್ಟು ಕೂರಿಸಿ, ಹೆಬ್ಬೆರಳಿನಿಂದ ಅಂಚು ಸವರಿ ಅವಳ ಕಡೆ ತಳ್ಳಿದರು.

"ನೋಡು. ಒಂದು ಚೂರಾದ್ರೂ ತಪ್ಪಿದೆಯಾ?"

ಸೊಸೆ ಪುಸ್ತಕ ತೆರೆದಳು. ಆ ಹದಿನಾರು ಪುಟಗಳು ತಲೆಕೆಳಗಾಗಿ ಹೊಲಿಗೆಯಾಗಿದ್ದವು. ಸೂಜಿ ಮೊದಲ ಸಲ ಒಳಗೆ ಹೋಗುವಾಗಲೇ ಅವಳು ಅದನ್ನು ಕಂಡಿದ್ದಳು.

"ಇಲ್ಲ ಮಾವ," ಎಂದಳು. "ಸರಿಯಾಗಿದೆ."